ಅಜ್ಜಿಯ ಧ್ವನಿ ಎಂಟು ಎಂಬಿ

ನಮ್ಮ ಮನೆಯ ವಿಡಿಯೋಗಳೆಲ್ಲ ಮೂರು ಊರಿನವು. ಸಿಂಧನೂರಲ್ಲಿ ನಮ್ಮ ಮನೆ, ಭತ್ತದ ಗದ್ದೆ, ತುಂಗಭದ್ರಾ ಎಡದಂಡೆ ಕಾಲುವೆ. ಲಿಂಗಸುಗೂರಲ್ಲಿ ಅತ್ತೆ ಮನೆ; ಅಲ್ಲಿಂದ ಎಲ್ಲರೂ ಸೇರಿ ಮುದಗಲ್ ಮೊಹರಂಗೆ ಹೋಗೋದು. ಇವೆರಡರ ನಡುವಿನ ಮಸ್ಕಿಯಲ್ಲಿ ಅಜ್ಜಿ. ಇದ್ದಳು ಅನ್ನಬೇಕು, ಹೋದ ವರ್ಷ ತೀರಿಕೊಂಡಳು.

ನಾಲ್ಕು ವರ್ಷ ಫೋನಿನಿಂದ ಇಳಿಸಿಟ್ಟದ್ದೆಲ್ಲ ಸೇರಿ ಲ್ಯಾಪ್‌ಟಾಪಿನ ಡಿಸ್ಕ್ ತುಂಬಿ ಕೆಂಪು ಗೆರೆ ಬಂತು. ಫೈನಲ್ ಇಯರ್ ಪ್ರಾಜೆಕ್ಟಿನ ಸಾಫ್ಟ್‌ವೇರ್ ಹಾಕೋಕೂ ಜಾಗ ಇಲ್ಲ. "ಹಳೇವೆಲ್ಲ ಡಿಲೀಟ್ ಮಾಡಲೇ" ಅಂದ ರೂಮ್‌ಮೇಟ್. ಯಾವುದನ್ನ ಹಳೇದು ಅನ್ನೋದು? ಅಜ್ಜಿ ಬೀಸುಕಲ್ಲಿನ ಪದ ಹಾಡಿದ ಎಂಟು ನಿಮಿಷದ ವಿಡಿಯೋ ಒಂದೇ 1 ಜಿಬಿ ಇತ್ತು. ಅತ್ತೆ ಅದನ್ನ ಕೇಳ್ತಾನೇ ಇದ್ದರು, ಆದರೆ ಅವರ ಫೋನೂ ಫುಲ್.

ಹಾಗಾಗಿ ವಿಡಿಯೋ ಸಣ್ಣ ಮಾಡೋ ಸಾಫ್ಟ್‌ವೇರ್ ಹುಡುಕೋಕೆ ಕೂತೆ. ಆಗ ಗೊತ್ತಾಗಿದ್ದು, 'ಫ್ರೀ' ಅನ್ನೋ ಮಾತಿಗೆ ನಮ್ಮಲ್ಲಿ ಎರಡು ಪದ ಇರೋದು ಎಷ್ಟು ಒಳ್ಳೇದು ಅಂತ: ಪುಕ್ಕಟೆ ಮತ್ತು ಮುಕ್ತ. ಪುಕ್ಕಟೆ ಸಿಕ್ಕಿದ್ದರಲ್ಲಿ ಒಂದು ಅಜ್ಜಿಯ ಹಣೆ ಮೇಲೇ ತನ್ನ ಹೆಸರು ಅಚ್ಚು ಹಾಕಿತು. ಇನ್ನೊಂದು, ವಿಡಿಯೋ ನಮ್ಮ ಸರ್ವರಿಗೆ ಅಪ್ಲೋಡ್ ಮಾಡಿ ಅಂತು. ಎಲ್ಲಿದೆಯೋ ಗೊತ್ತಿಲ್ಲದ ಸರ್ವರಿಗೆ ಅಜ್ಜಿಯನ್ನ ಯಾಕೆ ಕಳಿಸಲಿ?

ಮುಕ್ತ ತಂತ್ರಾಂಶದ ಕಡೆ ಮೂರು ಹೆಸರು ಉಳಿದವು. ಎಲ್ಲರ ಲ್ಯಾಪ್‌ಟಾಪಲ್ಲೂ ಇರೋ ವಿಎಲ್‌ಸಿ ಶುರುವಾದದ್ದು 1996ರಲ್ಲಿ, ಫ್ರಾನ್ಸಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ, ನಮ್ಮಂಥವರೇ! ಅದರಲ್ಲೂ ಕನ್ವರ್ಟ್ ಮಾಡಬಹುದು, ಒಂದೆರಡು ಫೈಲಿಗೆ ಸಾಕು. 2000ದಲ್ಲಿ ಫಾಬ್ರಿಸ್ ಬೆಲಾರ್ ಶುರು ಮಾಡಿದ ಎಫ್‌ಎಫ್‌ಎಂಪೆಗ್ ಎಲ್ಲಕ್ಕಿಂತ ಶಕ್ತಿಶಾಲಿ, ಆದರೆ ಎಲ್ಲ ಕಮ್ಯಾಂಡಲ್ಲೇ ಬರೀಬೇಕು. ನಾನು ಆರಿಸಿದ್ದು ಹ್ಯಾಂಡ್‌ಬ್ರೇಕ್. ಫೈಲುಗಳನ್ನ ಸಾಲಾಗಿ ಹಚ್ಚಿ ಮಲಗಿದರೆ ಬೆಳಗಾಗೋದ್ರೊಳಗೆ ಮುಗಿದಿರುತ್ತೆ. ಇಂಟರ್ನೆಟ್ ಬೇಡ, ದುಡ್ಡು ಬೇಡ, ಯಾರ ಹೆಸರಿನ ಅಚ್ಚೂ ಬೀಳಲ್ಲ.

ಇನ್ನು ಲೆಕ್ಕ. 1080ಪಿ ಅಂದರೆ ಒಂದು ಫ್ರೇಮಿಗೆ 20,73,600 ಪಿಕ್ಸೆಲ್. 720ಪಿ ಆದರೆ 9,21,600, ಅರ್ಧಕ್ಕಿಂತ ಕಮ್ಮಿ. ಆದರೆ ಫೈಲಿನ ತೂಕ ನಿರ್ಧಾರ ಮಾಡೋದು ರೆಸಲ್ಯೂಶನ್ ಅಲ್ಲ, ಬಿಟ್‌ರೇಟ್. ಸೆಕೆಂಡಿಗೆ 17 ಮೆಗಾಬಿಟ್, 480 ಸೆಕೆಂಡ್, ಅದನ್ನ 8ರಿಂದ ಭಾಗಿಸಿ: 1020 ಎಂಬಿ. ಅಜ್ಜಿಯ ವಿಡಿಯೋ ಸರಿಯಾಗಿ ಇಷ್ಟೇ ಇತ್ತು. ಅದೇ ಲೆಕ್ಕದಲ್ಲಿ ಧ್ವನಿ ನೋಡಿದೆ. 128 ಕಿಲೋಬಿಟ್‌ನಂತೆ ಎಂಟು ನಿಮಿಷಕ್ಕೆ ಎಂಟು ಎಂಬಿಯೂ ಆಗಲ್ಲ!

ಅಲ್ಲೇ ತೀರ್ಮಾನ ಮಾಡಿದೆ. ಧ್ವನಿ ಮುಟ್ಟೋದು ಬೇಡ, ಅದರಿಂದ ಉಳಿಯೋ ಜಾಗ ಏನೂ ಇಲ್ಲ. ಹ್ಯಾಂಡ್‌ಬ್ರೇಕಿನ ಆಡಿಯೋ ಭಾಗದಲ್ಲಿ 'ಪಾಸ್‌ಥ್ರೂ' ಅಂತ ಇಟ್ಟರೆ ಮೂಲ ಧ್ವನಿ ಇದ್ದ ಹಾಗೇ ಹೊಸ ಫೈಲಿಗೆ ಹೋಗುತ್ತೆ. ಚಿತ್ರವನ್ನ ಮಾತ್ರ 720ಪಿಗೆ ಇಳಿಸಿದೆ. ಅಜ್ಜಿ ಒಂದೇ ಕಡೆ ಕೂತಿದ್ದಳು, ಹಿಂದಿನ ಗೋಡೆ ಅಲ್ಲಾಡಲ್ಲ. ಬದಲಾಗದ್ದನ್ನ ಫ್ರೇಮ್ ಫ್ರೇಮಿಗೂ ಬರೆದಿಡೋ ಅಗತ್ಯ ಇಲ್ಲವಲ್ಲ, 90 ಎಂಬಿಗೆ ಇಳೀತು. ಅಷ್ಟೇ ಉದ್ದದ ಭತ್ತದ ಗದ್ದೆಯ ವಿಡಿಯೋ ಅದೇ ಸೆಟ್ಟಿಂಗಲ್ಲಿ 260 ಎಂಬಿಗೇ ನಿಂತುಬಿಡ್ತು. ಗಾಳಿಗೆ ಪ್ರತಿ ತೆನೆಯೂ ಅಲುಗಾಡುತ್ತೆ. ಮೊಹರಂ ರಾತ್ರಿಯವು ಇನ್ನೂ ಹಠಮಾರಿ. ಕತ್ತಲಲ್ಲಿ ಕ್ಯಾಮೆರಾ ಹುಟ್ಟಿಸೋ ಕಾಳುಕಾಳು ಕೂಡ ಸಾಫ್ಟ್‌ವೇರಿಗೆ ಚಲನೆಯೇ.

ಒಂದು ಎಚ್ಚರ: ಹೀಗೆ ಇಳಿಸಿದ್ದನ್ನ ಮತ್ತೆ ಏರಿಸೋಕಾಗಲ್ಲ. ಹೋದ ಪಿಕ್ಸೆಲ್ ಹೋದವೇ. ಅದಕ್ಕೇ ಗದ್ದೆ, ಮದುವೆ, ಮೊಹರಂ ಎಲ್ಲದರ ಸಣ್ಣ ಪ್ರತಿ ಇಟ್ಟು ಮೂಲ ಅಳಿಸಿದೆ. ಅಜ್ಜಿಯ ಮೂಲ ಫೈಲುಗಳು ಮಾತ್ರ ಎರಡು ಪೆನ್‌ಡ್ರೈವಲ್ಲಿವೆ, ಒಂದು ಸಿಂಧನೂರಲ್ಲಿ, ಒಂದು ನನ್ನ ಹತ್ರ.

ಅಜ್ಜಿಯ ಮಸ್ಕಿಯಲ್ಲೇ 1915ರಲ್ಲಿ ಚಿನ್ನದ ಗಣಿ ಇಂಜಿನಿಯರ್ ಬೀಡನ್‌ಗೆ ಬಂಡೆಯ ಮೇಲೊಂದು ಶಾಸನ ಸಿಕ್ಕಿತು. ಅಲ್ಲಿವರೆಗೆ ಸಿಕ್ಕ ಧರ್ಮಶಾಸನಗಳಲ್ಲಿ 'ದೇವಾನಾಂಪ್ರಿಯ' ಅಂತ ಇತ್ತು. ಇದರಲ್ಲಿ ಅಶೋಕ ಅನ್ನೋ ಹೆಸರೇ ಇತ್ತು. ಸಾಲುಗಳು ಅಲ್ಲಲ್ಲಿ ಸವೆದಿವೆ, ಆದರೆ ಆ ಹೆಸರು ಉಳಿದಿದೆ. ಏನು ಸವೆದರೂ ನಡೆಯುತ್ತೆ, ಏನು ಉಳೀಲೇಬೇಕು ಅನ್ನೋದನ್ನ ಬಂಡೆ ಕೇಳಲ್ಲ. ಹ್ಯಾಂಡ್‌ಬ್ರೇಕ್ ನಮ್ಮನ್ನ ಕೇಳುತ್ತೆ.

90 ಎಂಬಿ ಫೈಲು ಅತ್ತೆಗೆ ಡಾಕ್ಯುಮೆಂಟ್ ಆಗಿ ಕಳಿಸಿದೆ. ವಿಡಿಯೋ ಅಂತ ಕಳಿಸಿದರೆ ವಾಟ್ಸಾಪ್ ಇನ್ನೊಮ್ಮೆ ಹಿಂಡುತ್ತೆ. ರಾತ್ರಿ ಫೋನ್ ಬಂತು. "ಚಿತ್ರ ಸ್ವಲ್ಪ ಮಬ್ಬು ಐತಲ್ಲೋ ತಮ್ಮಾ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡು. ಅವ್ವನ ಧ್ವನಿ ಥೇಟ್ ಹಂಗ ಐತಿ" ಅಂದರು.