ಪಾಠಕ್ಕಿಂತ ಮೊದಲು ಪರಿಚಯ



ಇಂದು ಸಂಜೆ ನಿಮ್ಮ ಮಗು ಶಾಲೆಯಿಂದ ಬಂದಾಗ ಒಂದು ಪ್ರಶ್ನೆ ಕೇಳಿ ನೋಡಿ. 'ಇವತ್ತು ಏನು ಕಲಿಸಿದರು?' ಎಂದಲ್ಲ. 'ಹೋಂವರ್ಕ್ ಏನಿದೆ?' ಎಂದೂ ಅಲ್ಲ. 'ನಿನ್ನ ತರಗತಿಯ ಎಲ್ಲ ಮಕ್ಕಳ ಹೆಸರು ಹೇಳು ನೋಡೋಣ' ಎನ್ನಿ. ಮಗು ಹತ್ತು ಹೆಸರು ಹೇಳಬಹುದು, ಹದಿನೈದು ಹೇಳಬಹುದು. ಆಮೇಲೆ ತಡವರಿಸುತ್ತದೆ. 'ಕನ್ನಡಕದವಳು', 'ಹಿಂದಿನ ಬೆಂಚಿನ ದಪ್ಪ ಹುಡುಗ', 'ಆ ಮಾತಾಡದ ಹುಡುಗಿ' ಎಂದೆಲ್ಲ ಹೇಳತೊಡಗುತ್ತದೆ. ಒಂದೇ ಕೋಣೆಯಲ್ಲಿ ದಿನಕ್ಕೆ ಐದಾರು ಗಂಟೆ ಒಟ್ಟಿಗೆ ಕೂರುವ ಮಕ್ಕಳ ಸ್ಥಿತಿ ಇದು.

ನಾನು ಮೂರನೇ ತರಗತಿಯ ಶಿಕ್ಷಕಿ. ಹಲವು ವರ್ಷ ನನ್ನ ತರಗತಿಯೂ ಹೀಗೆಯೇ ಇತ್ತು. ಶಾಲೆ ತೆರೆದ ಮೊದಲ ದಿನ ಹಾಜರಿ, ಪುಸ್ತಕಕ್ಕೆ ಬೈಂಡ್ ಹಾಕುವ ಸೂಚನೆ, ಶಿಸ್ತಿನ ನಿಯಮಗಳು. ಎರಡನೇ ದಿನ ಒಂದನೇ ಪಾಠ. ಸದ್ದಿಲ್ಲದ ತರಗತಿಯೇ ಒಳ್ಳೆಯ ತರಗತಿ ಎಂದು ನಂಬಿದ್ದೆ. ಮಕ್ಕಳು ತಾವಾಗಿಯೇ ಪರಿಚಯ ಮಾಡಿಕೊಳ್ಳುತ್ತಾರೆ, ಅದರಲ್ಲಿ ನಾನು ಕಲಿಸುವಂಥದ್ದೇನಿದೆ ಎಂದುಕೊಂಡಿದ್ದೆ.

ಈ ನಂಬಿಕೆ ಮುರಿದದ್ದು ಕೊರೋನಾದ ಬಳಿಕ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದು ನನ್ನ ಮುಂದೆ ಬಂದು ಕುಳಿತ ಮಕ್ಕಳು ಒಂದನೇ ತರಗತಿಯನ್ನು ಪೂರ್ತಿ ಮುಗಿಸಿರಲಿಲ್ಲ. ಎರಡನೇ ತರಗತಿಯನ್ನು ಉಮ್ಮನ ಮೊಬೈಲಿನಲ್ಲಿ ನೋಡಿದ್ದರು. ಕೆಲವರು ಅದನ್ನೂ ನೋಡಿರಲಿಲ್ಲ. ಮುಖಕ್ಕೆ ಮಾಸ್ಕ್, ನಡುವೆ ಅಂತರ. ಹೆಸರು ಕರೆದರೆ 'ಪ್ರೆಸೆಂಟ್' ಎಂಬ ಸದ್ದು ಯಾವ ಮೂಲೆಯಿಂದ ಬಂತೆಂದು ತಿಳಿಯುತ್ತಿರಲಿಲ್ಲ.

ಮೂರನೇ ದಿನ ಒಬ್ಬ ಹುಡುಗನ ಪೆನ್ಸಿಲ್ ಮುರಿಯಿತು. ಇಡೀ ಪೀರಿಯಡ್ ಅವನು ಸುಮ್ಮನೆ ಕುಳಿತಿದ್ದ. "ಪಕ್ಕದವನ ಹತ್ತಿರ ಕೇಳಬಾರದಿತ್ತಾ?" ಎಂದೆ. ಅವನು ಪಕ್ಕಕ್ಕೆ ಒಮ್ಮೆ ನೋಡಿ ಮೆಲ್ಲನೆ, "ಅವನು ಯಾರೂಂತ ಗೊತ್ತಿಲ್ಲ ಟೀಚರ್" ಎಂದ.

ಆ ರಾತ್ರಿ, ಅರೆಬಿಕ್ ಕಾಲೇಜಿನಲ್ಲಿ ಓದಿದ್ದ ಒಂದು ಹದೀಸ್ ನೆನಪಾಯಿತು. ಬುಖಾರಿಯ ವಿದ್ಯೆಯ ಅಧ್ಯಾಯದಲ್ಲಿದೆ. ಪ್ರವಾದಿವರ್ಯರು(ಸ) ಸಹಾಬಿಗಳ ಮುಂದೆ ಒಂದು ಒಗಟನ್ನಿಟ್ಟರು: ಎಲೆ ಉದುರದ, ಸತ್ಯವಿಶ್ವಾಸಿಯನ್ನು ಹೋಲುವ ಮರ ಯಾವುದು? ಎಲ್ಲರ ಯೋಚನೆ ಮರುಭೂಮಿಯ ಮರಗಳತ್ತ ಹೋಯಿತು. ಅಲ್ಲಿದ್ದ ಅಬ್ದುಲ್ಲಾ ಇಬ್ನ್ ಉಮರ್(ರ)ರಿಗೆ ಅದು ಖರ್ಜೂರದ ಮರ ಎಂದು ಹೊಳೆದಿತ್ತು. ಆದರೆ ಅವರು ಇನ್ನೂ ಚಿಕ್ಕವರು. ಹಿರಿಯರ ನಡುವೆ ನಾಚಿ ಸುಮ್ಮನಾದರು. ಆಮೇಲೆ ತಂದೆಗೆ ಈ ವಿಷಯ ಹೇಳಿದಾಗ, ನೀನು ಅದನ್ನು ಅಲ್ಲೇ ಹೇಳಿದ್ದರೆ ನನಗೆಷ್ಟು ಸಂತೋಷವಾಗುತ್ತಿತ್ತು ಎಂದು ಉಮರ್(ರ) ಹೇಳಿದರು.

ಆ ಹದೀಸನ್ನು ನಾನು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೆ. ಅದರೊಳಗಿದ್ದ ಆ ಎಳೆಯ ಮುಖ ಮಾತ್ರ ನನಗೆ ಅಂದೇ ಕಂಡದ್ದು. ಕರುಣೆಯೇ ತುಂಬಿದ್ದ ಪ್ರವಾದಿಯವರ ಸಭೆಯಲ್ಲೇ ಉತ್ತರ ಗೊತ್ತಿದ್ದವರೊಬ್ಬರು ನಾಚಿ ಸುಮ್ಮನಾದರು. ಹಾಗಾದರೆ ಬೆತ್ತ ಇಟ್ಟುಕೊಳ್ಳದಿದ್ದರೂ ಗದರುವ ಅಭ್ಯಾಸವಿದ್ದ ನನ್ನ ತರಗತಿಯಲ್ಲಿ ಎಷ್ಟು ಮಕ್ಕಳು ಹಾಗೆ ಕುಳಿತಿದ್ದಿರಬಹುದು? ಮಗು ಬಾಯಿ ಬಿಡಬೇಕಾದರೆ ಉತ್ತರ ಗೊತ್ತಿದ್ದರೆ ಸಾಲದು, ಸುತ್ತ ಕೂತವರು ತನ್ನವರೆನಿಸಬೇಕು. ಮನುಷ್ಯರನ್ನು ಜನಾಂಗ, ಗೋತ್ರಗಳಾಗಿ ಮಾಡಿದ್ದು ಪರಸ್ಪರ ಪರಿಚಯಕ್ಕಾಗಿ ಎಂದು ಅಲ್ಲಾಹನು ಸೂರಃ ಅಲ್ ಹುಜುರಾತ್‌ನಲ್ಲಿ ತಿಳಿಸಿದ್ದಾನೆ. ನಾವು ಅದನ್ನು ಭಾಷಣಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಒಂದು ತರಗತಿಯ ಮೂವತ್ತು ಮಕ್ಕಳಿಗೂ ಅದು ಅನ್ವಯಿಸುತ್ತದೆಂದು ನನಗೆ ಹೊಳೆದಿರಲಿಲ್ಲ.

ಅಂದಿನಿಂದ ಪ್ರತಿ ವರ್ಷ ಮೊದಲ ಎರಡು ವಾರ, ದಿನಕ್ಕೆ ಹದಿನೈದು ನಿಮಿಷ ಆಟಕ್ಕೆ ಮೀಸಲಿಟ್ಟಿದ್ದೇನೆ. ಶಿಕ್ಷಕರ ತರಬೇತಿಗಳಲ್ಲಿ ಇದಕ್ಕೆ 'ಐಸ್ ಬ್ರೇಕರ್' ಎನ್ನುತ್ತಾರೆ. ನಾನು ಮಕ್ಕಳಿಗೆ 'ಪರಿಚಯದ ಆಟ' ಎಂದೇ ಹೇಳುವುದು.

ಮೊದಲನೆಯದು ಹೆಸರಿನ ಸರಪಳಿ. ಮಕ್ಕಳು ವೃತ್ತಾಕಾರವಾಗಿ ಕೂರುತ್ತಾರೆ. ಹಳೆಯ ಬಟ್ಟೆಯ ಚೆಂಡು ಕೈಗೆ ಬಂದವರು ತಮ್ಮ ಹೆಸರನ್ನೂ ಇಷ್ಟದ ಹಣ್ಣನ್ನೂ ಹೇಳಬೇಕು, ತನಗಿಂತ ಮೊದಲು ಹೇಳಿದವರದ್ದನ್ನೂ ಹೇಳಬೇಕು. 'ಪೇರಳೆಯ ಸಫಿಯಾ, ಹಲಸಿನ ಹಾರಿಸ್, ನಾನು ಮಾವಿನ ಮರಿಯಮ್' ಎಂಬಂತೆ. ಮೊದಲ ಸಲ ಹಿಂದಿನ ಎಲ್ಲರ ಹೆಸರನ್ನೂ ಹೇಳಬೇಕೆಂದು ನಿಯಮ ಮಾಡಿ ಕೊನೆಯ ಮಗುವನ್ನು ಅಳಿಸಿದ್ದೆ. ಈಗ ಹಿಂದಿನ ಮೂವರ ಹೆಸರು ಸಾಕು. ಮರೆತರೆ ಆ ಮಗುವೇ ಎದ್ದು ನೆನಪಿಸುತ್ತದೆ. ಕೊರೋನಾದ ಆ ವರ್ಷ ಅಂತರ ಕಾಯಬೇಕಿತ್ತು. ಹಾಗಾಗಿ ಚೆಂಡಿಲ್ಲದೆ, ಬರೀ ಚಪ್ಪಾಳೆಯಿಂದ ಅಂಗಳದಲ್ಲಿ ಆಡಿಸಿದ್ದೆ.

ಎರಡನೆಯದು ನಿಮಗೆಲ್ಲ ಗೊತ್ತಿರುವ ಟೋಪಿ ಆಟ. ವೃತ್ತದಲ್ಲಿ ಕೂತವರ ಹಿಂದೆ ಒಬ್ಬರು ಓಡುತ್ತಾ ಗುಟ್ಟಾಗಿ ಒಬ್ಬರ ಬೆನ್ನ ಹಿಂದೆ ಟೋಪಿ ಇಡುತ್ತಾರೆ. ಈ ಆಟವನ್ನು ನಾನು ಮೊದಲ ದಿನ ಸುಮ್ಮನೆ ನೋಡುತ್ತೇನೆ. ಗೆಳೆಯರು ಗೆಳೆಯರ ಹಿಂದೆಯೇ ಟೋಪಿ ಇಡುತ್ತಾರೆ. ಅರ್ಧ ಗಂಟೆ ಆಡಿದರೂ ಯಾರ ಹಿಂದೆ ಒಮ್ಮೆಯೂ ಟೋಪಿ ಬೀಳಲಿಲ್ಲವೋ ಆ ಮಗುವಿಗೆ ತರಗತಿಯಲ್ಲಿ ಇನ್ನೂ ಯಾರೂ ಇಲ್ಲ ಎಂದರ್ಥ. ಇದನ್ನು ಯಾವ ಪರೀಕ್ಷೆಯೂ ನನಗೆ ತೋರಿಸಿಕೊಡುತ್ತಿರಲಿಲ್ಲ. ಮರುದಿನ, 'ಒಮ್ಮೆ ಸಿಕ್ಕಿದವರಿಗೆ ಮತ್ತೆ ಇಡುವ ಹಾಗಿಲ್ಲ' ಎಂಬ ಹೊಸ ನಿಯಮ ತರುತ್ತೇನೆ. ಕುರ್ಚಿ ಆಟದಲ್ಲೂ ಹಾಗೆ. ಕುರ್ಚಿ ಕಡಿಮೆಯಾದಂತೆ ಮಕ್ಕಳನ್ನು ಹೊರಗೆ ಹಾಕುತ್ತಾ ಹೋದರೆ ಕುಂಟುವ ಮಗು, ಮೆತ್ತನೆಯ ಮಗು ಮೊದಲೇ ಹೊರಗೆ. ನಾನು ಕುರ್ಚಿಯ ಬದಲು ಹಳೆಯ ಪತ್ರಿಕೆಗಳನ್ನು ಹಾಸುತ್ತೇನೆ. ಪತ್ರಿಕೆ ಕಡಿಮೆಯಾಗುತ್ತದೆ, ಮಕ್ಕಳು ಕಡಿಮೆಯಾಗುವುದಿಲ್ಲ. ಉಳಿದ ಪತ್ರಿಕೆಗಳ ಮೇಲೆಯೇ ಎಲ್ಲರೂ ಹೇಗಾದರೂ ಜಾಗ ಮಾಡಿಕೊಳ್ಳಬೇಕು.

ಮೂರನೆಯದು ಮನೆಮಾತಿನ ಆಟ. ನನ್ನ ತರಗತಿಯಲ್ಲಿ ಬ್ಯಾರಿ, ತುಳು, ಉರ್ದು, ಕೊಂಕಣಿ ಮಾತಾಡುವ ಮನೆಗಳ ಮಕ್ಕಳಿದ್ದಾರೆ. ಒಂದು ವರ್ಷ ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಹುಡುಗನೊಬ್ಬ ಸೇರಿದ. ಅವನು 'ಹೌದ್ರೀ ಟೀಚರ್' ಎಂದೊಡನೆ ಇಡೀ ತರಗತಿ ನಕ್ಕಿತು. ಸಂಜೆಯ ಹೊತ್ತಿಗೆ 'ಹೌದ್ರೀ' ಎಂಬುದೇ ಅವನ ಹೆಸರಾಗಿತ್ತು. ಅಡ್ಡಹೆಸರಿಟ್ಟು ಕರೆಯಬೇಡಿ ಎಂದು ಅದೇ ಹುಜುರಾತ್ ಸೂರಃದಲ್ಲಿ ಹೇಳಲಾಗಿದೆ. ಉಪದೇಶ ಮಾಡಬಹುದಿತ್ತು. ಬದಲಾಗಿ ಮರುದಿನ ಬೋರ್ಡಿನ ಮೇಲೆ ಒಂದು ಬೆಕ್ಕಿನ ಚಿತ್ರ ಬರೆದೆ. 'ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತಾರೆ?' ಪುಚ್ಚೆ, ಬಿಲ್ಲಿ, ಮಾಜರ್ ಎಂದು ಒಂದೊಂದು ಕಡೆಯಿಂದ ಕೂಗು ಎದ್ದಿತು. ಬ್ಯಾರಿ ಮನೆಯ ಮಕ್ಕಳು ತಮ್ಮ ಮಾತನ್ನೇ ಎಲ್ಲರಿಗಿಂತ ಜೋರಾಗಿ ಹೇಳಿದರು. ಪ್ರತಿಯೊಬ್ಬರ ಮಾತೂ ಇನ್ನೊಬ್ಬರಿಗೆ ವಿಚಿತ್ರವೇ ಎಂದು ಆದ ಮೇಲೆ ನಗು ಎಲ್ಲರದ್ದಾಯಿತು. ಆ ಹುಡುಗನೂ ನಕ್ಕ.

ಇಷ್ಟು ಓದಿ ನಾನು ದೊಡ್ಡ ಜಾಣೆಯೆಂದು ಭಾವಿಸಬೇಡಿ. ಇನ್ನು ಹೇಳಲಿಕ್ಕಿರುವುದು ನನ್ನ ತಪ್ಪಿನ ಕಥೆ.

'ಜಾಗ ಬದಲಿಸು' ಎಂಬ ಆಟವಿದೆ. ನಡುವೆ ನಿಂತವರು 'ಈಜಲು ಬರುವವರು ಜಾಗ ಬದಲಿಸಿ' ಎಂದರೆ ಅಂಥವರೆಲ್ಲ ಎದ್ದು ಬೇರೆ ಜಾಗಕ್ಕೆ ಓಡಬೇಕು. ಓಟದ ಗದ್ದಲದಲ್ಲಿ 'ಓ, ನೀನೂ ನನ್ನ ಹಾಗೆಯೇ!' ಎಂದು ಮಕ್ಕಳಿಗೆ ಗೊತ್ತಾಗುತ್ತದೆ. ಒಂದು ವರ್ಷ ಜೂನ್ ತಿಂಗಳಲ್ಲಿ ಈ ಆಟ ಆಡಿಸುತ್ತಾ, ನಮ್ಮ ಊರಿನಲ್ಲಿ ಹೆಚ್ಚಿನ ಮನೆಗಳ ವಿಷಯವಲ್ಲವೇ ಎಂದುಕೊಂಡು, 'ನಿನ್ನೆ ಉಪ್ಪನ ಹತ್ತಿರ ಫೋನಿನಲ್ಲಿ ಮಾತಾಡಿದವರು ಜಾಗ ಬದಲಿಸಿ' ಎಂದೆ. ಗಲ್ಫಿನಲ್ಲಿ ತಂದೆಯಿರುವ ಮಕ್ಕಳೆಲ್ಲ ಹೋ ಎಂದು ಓಡಿದರು. 'ಇನ್ನು ಉಪ್ಪ ಮನೆಯಲ್ಲೇ ಇರುವವರು' ಎಂದೆ. ಉಳಿದವರೂ ಓಡಿದರು. ಒಬ್ಬಳು ಹುಡುಗಿ ಎರಡು ಸಲವೂ ಕೂತಲ್ಲೇ ಇದ್ದಳು. "ನೀನು ಯಾಕೆ ಏಳಲಿಲ್ಲ?" ಎಂದು ಅವಳ ಬದಿಯವಳು ಕೇಳಿದಳು. ಇನ್ನೊಬ್ಬ, "ಅವಳಿಗೆ ಉಪ್ಪನೇ ಇಲ್ಲ" ಎಂದ. ಆಕೆ ಅಳಲಿಲ್ಲ. ಚಪ್ಪಲಿಯ ಪಟ್ಟಿಯನ್ನು ಬಿಚ್ಚುತ್ತಾ ಹಾಕುತ್ತಾ ತಲೆ ತಗ್ಗಿಸಿ ಕುಳಿತಳು.

ಮರುದಿನ ಅವಳು ಶಾಲೆಗೆ ಬರಲಿಲ್ಲ. ಸಂಜೆ ನಾನು ಅವಳ ಮನೆಗೆ ಹೋದೆ. ಮಡಿಲಲ್ಲಿ ಬೀಡಿಯೆಲೆಯ ಗೆರಸೆ ಇಟ್ಟುಕೊಂಡು ತಾಯಿ ಜಗಲಿಯಲ್ಲಿ ಕೂತಿದ್ದರು. ಗಂಡ ತೀರಿಕೊಂಡಿರಲಿಲ್ಲ, ಮಗು ಕೈಗೂಸಾಗಿದ್ದಾಗಲೇ ಬಿಟ್ಟು ಹೋಗಿದ್ದ. ನಾನು ಕ್ಷಮೆ ಕೇಳಿದೆ. "ನೀವು ಬೇಕೂಂತ ಕೇಳಿದ್ದಲ್ಲವಲ್ಲ ಟೀಚರ್" ಎಂದು ಅವರು ನನ್ನನ್ನೇ ಸಮಾಧಾನಪಡಿಸಿದರು. ಮತ್ತೆ ಎಲೆ ಕತ್ತರಿಸುತ್ತಾ, "ಆದ್ರೆ ನಿನ್ನೆಯಿಂದ ಇವಳು ಉಪ್ಪನ ಫೋನ್ ನಂಬರ್ ಕೇಳ್ತಾ ಇದ್ದಾಳೆ" ಎಂದರು.

ಆ ಮಾತು ಇಂದಿಗೂ ನನ್ನೆದೆಯಲ್ಲಿದೆ. ಅನಾಥರ ಬಗ್ಗೆ, ಅವರ ಮನಸ್ಸನ್ನು ನೋಯಿಸದಿರುವ ಬಗ್ಗೆ ಎಷ್ಟೋ ತರಗತಿಗಳಲ್ಲಿ ಕಲಿತವಳು, ಕಲಿಸಿದವಳು ನಾನು. ಒಂದು ಆಟದ ಖುಷಿಯಲ್ಲಿ ಅದನ್ನೇ ಮರೆತಿದ್ದೆ.

ಅಂದಿನಿಂದ ನನ್ನ ಆಟಗಳಿಗೆ ಕೆಲವು ನಿಯಮಗಳಿವೆ. ತಂದೆ, ತಾಯಿ, ಮನೆ, ಹೊಸ ಬಟ್ಟೆ, ವಾಹನ, ಬೆಳಗಿನ ತಿಂಡಿ ಇವುಗಳ ಬಗ್ಗೆ ನಾನು ಪ್ರಶ್ನೆ ಕೇಳುವುದಿಲ್ಲ. ಬೆಳಿಗ್ಗೆ ಏನನ್ನೂ ತಿನ್ನದೆ ಬರುವ ಮಗುವೂ ಇರುತ್ತದೆ. ಮಗುವಿಗೆ ಏನು ಮಾಡಲು ಬರುತ್ತದೆ, ಏನು ಇಷ್ಟ, ಶಾಲೆಗೆ ಬರುವ ದಾರಿಯಲ್ಲಿ ಏನು ಕಂಡಿತು ಇಷ್ಟೇ ಕೇಳುತ್ತೇನೆ. 'ನಾನು ಆಮೇಲೆ ಹೇಳುತ್ತೇನೆ' ಎನ್ನುವ ಹಕ್ಕು ಪ್ರತಿ ಮಗುವಿಗೂ ಇದೆ. ಕೈ ಹಿಡಿಯಲು ಸಂಕೋಚಪಡುವವರಿಗೆ ನಡುವೆ ಒಂದು ಕರವಸ್ತ್ರ ಕೊಡುತ್ತೇನೆ. ತಪ್ಪು ಹೇಳಿದವರನ್ನು ನೋಡಿ ನಕ್ಕರೆ ಆಟ ಅಲ್ಲಿಗೇ ನಿಲ್ಲುತ್ತದೆ.

ಇದಕ್ಕೆ ವಿರೋಧವೂ ಬಂತು. ಒಬ್ಬರು ತಂದೆ ಬಂದು, "ಫೀಸು ಕಟ್ಟಿ ಕಳಿಸುವುದು ಆಟ ಆಡ್ಲಿಕ್ಕಾ ಟೀಚರ್? ಆಡ್ಲಿಕ್ಕೆ ಮನೆಯಲ್ಲಿ ಅಂಗಳ ಉಂಟಲ್ಲ?" ಎಂದರು. ದುಡಿದು ದಣಿದ ಮನುಷ್ಯ. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿಯ ಬಗ್ಗೆ ಅವರಿಗೆ ಹೇಳಿದೆ. ಸರಕಾರಿ ಶಾಲೆಗಳ ಪುಟ್ಟ ಮಕ್ಕಳು ಗುಂಪಾಗಿ ಕೂತು ಹಾಡು, ಆಟಗಳ ಮೂಲಕವೇ ಅಕ್ಷರ, ಲೆಕ್ಕ ಕಲಿಯುತ್ತಾರೆ ಎಂದೆ. ಅವರಿಗೆ ಅಷ್ಟೇನೂ ಒಪ್ಪಿಗೆಯಾಗಲಿಲ್ಲ. ಆದರೆ ದಸರಾ ರಜೆಯ ಮುಂಚಿನ ಪಾಲಕರ ಸಭೆಯಲ್ಲಿ ಅವರೇ ಹೇಳಿದರು, "ಈಗ ಅವನು ಬೆಳಿಗ್ಗೆ ಎದ್ದು ಹೊಟ್ಟೆನೋವು ಅನ್ನುವುದಿಲ್ಲ." ಆಟಕ್ಕೆ ಹೋದ ಹದಿನೈದು ನಿಮಿಷ ನನಗೂ ಪಾಠದಲ್ಲಿ ನಷ್ಟವಾಗಲಿಲ್ಲ. ಗೊತ್ತಿಲ್ಲದ್ದನ್ನು ಪಕ್ಕದವರಲ್ಲಿ ಕೇಳುವ ಧೈರ್ಯ ಬಂದ ಮೇಲೆ ಮಕ್ಕಳು ಅರ್ಧ ಪಾಠವನ್ನು ತಾವೇ ಕಲಿತುಕೊಳ್ಳುತ್ತಾರೆ.

ಆ ಹುಡುಗಿ ಏನಾದಳು ಎಂದು ನೀವು ಕೇಳಬಹುದು. ಎರಡು ದಿನ ಬಿಟ್ಟು ಅವಳು ಬಂದಳು. ಆಟದಲ್ಲಿ ಕೂರುತ್ತಿದ್ದಳು, ಏಳುತ್ತಿರಲಿಲ್ಲ. ನಾನು ಒತ್ತಾಯಿಸಲಿಲ್ಲ. ಜುಲೈ ತಿಂಗಳ ಒಂದು ಮಳೆಯ ದಿನ, ಒಳಗೇ ಜಾಗ ಬದಲಿಸುವ ಆಟ ನಡೆಯುತ್ತಿತ್ತು. ನಡುವೆ ನಿಲ್ಲುವ ಸರದಿ ಅವಳಿಗೆ ಬಂತು. ಬೇಡವೆನ್ನುತ್ತಾಳೆಂದು ನಾನಂದುಕೊಂಡೆ. ಅವಳು ಎದ್ದು ನಿಂತಳು. ಸ್ವಲ್ಪ ಹೊತ್ತು ಎಲ್ಲರ ಮುಖ ನೋಡಿದಳು. ಆಮೇಲೆ, "ರಾತ್ರಿ ಅಜ್ಜಿಯ ಹತ್ತಿರ ಮಲಗುವವರು ಜಾಗ ಬದಲಿಸಿ" ಎಂದಳು.

ಒಬ್ಬ ಎದ್ದ. ಇನ್ನೊಬ್ಬಳು ಎದ್ದಳು. ಒಟ್ಟು ಏಳು ಮಕ್ಕಳು ಎದ್ದು ಓಡಿದರು. 'ಅವಳಿಗೆ ಉಪ್ಪನೇ ಇಲ್ಲ' ಎಂದಿದ್ದ ಹುಡುಗನೂ ಅವರಲ್ಲಿದ್ದ. ಅವಳು ಜಾಗ ಹಿಡಿಯಲು ಓಡುವುದನ್ನೂ ಮರೆತು ಅವರನ್ನೇ ನೋಡುತ್ತಾ ನಿಂತಿದ್ದಳು.

ಸಹೋದರಿಯರೇ, ಇದೆಲ್ಲ ಶಾಲೆಯ ಕೆಲಸವೆಂದು ಬಿಟ್ಟುಬಿಡಬೇಡಿ. ಮನೆಗೆ ನೆಂಟರ ಮಕ್ಕಳು ಬಂದಾಗ, ರಜೆಯಲ್ಲಿ ಮಕ್ಕಳೆಲ್ಲ ಸೇರಿದಾಗ, ಮೊಬೈಲ್ ತೆಗೆದಿಟ್ಟು ಒಂದು ಟೋಪಿಯನ್ನೋ ಬಟ್ಟೆಯ ಚೆಂಡನ್ನೋ ಕೈಗೆ ಕೊಡಿ. ನಿಮ್ಮ ಮಗು 'ಆ ದಪ್ಪ ಹುಡುಗ' ಎಂದರೆ, 'ಅವನ ಹೆಸರೇನು?' ಎಂದು ಕೇಳಿ. ಗೊತ್ತಿಲ್ಲವೆಂದರೆ ನಾಳೆ ಕೇಳಿಕೊಂಡು ಬಾ ಎನ್ನಿ. ಪ್ರವಾದಿವರ್ಯರು(ಸ) ದಾರಿಯಲ್ಲಿ ಮಕ್ಕಳ ಬಳಿ ಹಾದುಹೋಗುವಾಗ ತಾವೇ ಅವರಿಗೆ ಸಲಾಮ್ ಹೇಳುತ್ತಿದ್ದರು. ಮಗುವಿನ ಜೊತೆ ಮಾತನ್ನು ಮೊದಲು ಆರಂಭಿಸಬೇಕಾದವರು ದೊಡ್ಡವರೇ.

ನಾಳೆ ಸಂಜೆ ನಿಮ್ಮ ಮಗು ಒಂದು ಹೊಸ ಹೆಸರನ್ನು ಹೇಳುತ್ತಾ ಮನೆಗೆ ಬರಲಿ. ಅಂದು ಅದು ಒಂದು ಪಾಠ ಕಲಿತಿದೆಯೆಂದೇ ತಿಳಿಯಿರಿ.