ಅಬೌಟ್ ಮಾಡಿದ ತಪ್ಪೇನು?

ನಮ್ಮವರ ಇಂಗ್ಲಿಷನ್ನು ತಿದ್ದಲು ಕೂತವರ ಕೈಗೆ ಮೊದಲು ಸಿಕ್ಕಿಬೀಳುವುದು ‘ಡಿಸ್ಕಸ್ ಅಬೌಟ್’. ಡಿಸ್ಕಸ್ ಎಂದ ಮೇಲೆ ಅಬೌಟ್ ಬರಕೂಡದು ಎಂದು ತಲೆಮಾರುಗಟ್ಟಲೆ ಮೇಷ್ಟ್ರುಗಳು ಕೆಂಪು ಶಾಯಿ ಖರ್ಚು ಮಾಡಿದ್ದಾರೆ. ಆದರೆ ಅದೇ ಪದ ‘ಡಿಸ್ಕಶನ್’ ಎಂಬ ನಾಮಪದವಾಗಲಿ, ಅಬೌಟ್ ರಾಜಾರೋಷವಾಗಿ ಬಂದು ಪಕ್ಕದಲ್ಲಿ ಕೂರುತ್ತದೆ. ಆಗ ಯಾರದೂ ತಕರಾರಿಲ್ಲ.

ರಜೆಯನ್ನು ‘ರಿಕ್ವೆಸ್ಟ್’ ಮಾಡುವಾಗ ಫಾರ್ ಬೇಡ. ರಜೆಗೊಂದು ರಿಕ್ವೆಸ್ಟ್ ಬರೆದುಕೊಟ್ಟರೆ ಫಾರ್ ಬೇಕೇ ಬೇಕು. ಡಿಮ್ಯಾಂಡ್, ಆರ್ಡರ್‌ಗಳ ಕಥೆಯೂ ಇದೇ. ಪ್ರಶ್ನೆಯನ್ನು ನೇರವಾಗಿ ಆನ್ಸರ್ ಮಾಡಬಹುದು, ಆದರೆ ಉತ್ತರ ಎಂಬ ಹೆಸರಾದ ಕೂಡಲೇ ಆನ್ಸರ್‌ಗೆ ಟು ಬೇಕು. ವೈರಿಯನ್ನು ಅಟ್ಯಾಕ್ ಮಾಡುವಾಗ ಮಧ್ಯೆ ಯಾರೂ ಇಲ್ಲ. ಅಟ್ಯಾಕ್ ನಾಮಪದವಾದರೆ ಆನ್ ಹಾಜರು. ಅಂದರೆ ನಾವು ಮಾಡುವ ತಪ್ಪು ಸೋಮಾರಿತನದ್ದಲ್ಲ. ನಾಮಪದದ ಪಕ್ಕ ಕಂಡದ್ದನ್ನು ಕ್ರಿಯಾಪದಕ್ಕೂ ಧಾರಾಳವಾಗಿ ಹಂಚಿದ್ದೇವೆ, ಅಷ್ಟೆ. ಇಂಥ ಸಮಾನತೆಗೆ ಅಂಕ ಕಳೆಯುವುದು ನನಗಂತೂ ಅನ್ಯಾಯವಾಗಿ ಕಾಣುತ್ತದೆ.

ಇಷ್ಟಕ್ಕೂ ಈ ಫಾರ್, ಟು, ಆನ್‌ಗಳ ಮೇಲೆ ಮೊದಲು ಇಷ್ಟು ಹೊರೆ ಇರಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಮ್ಮ ಕನ್ನಡದಂತೆ ನಾಮಪದಗಳಿಗೂ ಬಾಲಗಳಿದ್ದವು. ಮುಖ್ಯವಾಗಿ ನಾಲ್ಕು ವಿಭಕ್ತಿ. 1066ರಲ್ಲಿ ನಾರ್ಮನ್ನರು ಬಂದ ಮೇಲಿನ ಒಂದೆರಡು ಶತಮಾನಗಳಲ್ಲಿ ಆ ಬಾಲಗಳು ಬಹುಪಾಲು ಉದುರಿಹೋದವು. ಮೊದಲೇ ಇದ್ದ ಇನ್, ಆನ್, ಟು, ಫಾರ್, ಆಫ್‌ಗಳ (ಒಂದೇ ಎಫ್ಫಿನ ಆಫ್) ಹೆಗಲಿಗೆ ಅವುಗಳ ಕೆಲಸವೂ ಬಿತ್ತು. ಒಬ್ಬನಿಗೆ ನಾಲ್ಕು ಜನರ ಕೆಲಸ ವಹಿಸಿದರೆ ಯಾವುದನ್ನು ಯಾರು ಮಾಡುತ್ತಿದ್ದಾರೆಂದು ಯಾರಿಗೆ ಗೊತ್ತಾಗುತ್ತದೆ?

ರೆನ್ ಮತ್ತು ಮಾರ್ಟಿನ್ನರ ವ್ಯಾಕರಣ ಇದಕ್ಕೊಂದು ಪರಿಹಾರ ಹುಡುಕಿತು: ಫಾರ್ ಬೇಡುವ ನಾಮಪದಗಳು ಒಂದು ಕಡೆ, ಟು ಬೇಡುವವು ಇನ್ನೊಂದು ಕಡೆ, ಹೀಗೆ ಉದ್ದುದ್ದ ಪಟ್ಟಿ. ಈ ರೆನ್ ಸಾಹೇಬರೇ ಫ್ರೆಂಚ್ ಫಾರಿನ್ ಲೀಜನ್ನಿನ ಸಿಪಾಯಿಗಳ ಮೇಲೆ ‘ಬೋ ಜೆಸ್ಟ್’ ಎಂಬ ಕಾದಂಬರಿ ಬರೆದವರು. ನಾಮಪದಗಳನ್ನೂ ಕವಾಯತಿಗೆ ನಿಲ್ಲಿಸಿದ್ದರಲ್ಲಿ ಆಶ್ಚರ್ಯವಿಲ್ಲ. ತೊಂದರೆಯೇನೆಂದರೆ ಸಾಲಿನಲ್ಲಿ ನಿಂತವು ಆಗಾಗ ಸಾಲು ಬದಲಿಸುತ್ತವೆ. ‘ಅಟ್ಯಾಕ್ ಆಫ್ ಮಲೇರಿಯಾ’ ಎಂದರೆ ಮಲೇರಿಯಾ ನಮ್ಮ ಮೇಲೆ ಬಿದ್ದಿದೆ. ‘ಅಟ್ಯಾಕ್ ಆನ್ ಮಲೇರಿಯಾ’ ಎಂದರೆ ನಗರಸಭೆಯವರು ಹೊಗೆ ಯಂತ್ರ ಹಿಡಿದು ಅದರ ಮೇಲೆ ಬಿದ್ದಿದ್ದಾರೆ. ಬೆಂಕಿ ಹೇಗೆ ಹೊತ್ತಿತು ಎಂದು ಹೇಳುವ ‘ಕಾಸ್’ಗೆ ಆಫ್, ಗಾಬರಿಪಡಲು ಕಾರಣವಿಲ್ಲ ಎನ್ನುವ ‘ಕಾಸ್’ಗೆ ಫಾರ್. ಪಟ್ಟಿ ಉರು ಹೊಡೆದವನಿಗೆ ಅಂಕ ಸಿಗುತ್ತದೆ; ಇದರ ರುಚಿ ಸಿಗಲು ವಾಕ್ಯಗಳನ್ನೇ ಓದಬೇಕು.

ಹಾಗಂತ ನಾವೇನು ಸಾಚಾಗಳಲ್ಲ. ದೇವರನ್ನು ನಂಬುತ್ತೇವೆ, ನಂಬಿಕೆ ಮಾತ್ರ ದೇವರಲ್ಲಿ, ಇಲ್ಲವೇ ದೇವರ ಮೇಲೆ. ಮಗುವನ್ನು ಪ್ರೀತಿಸುತ್ತೇವೆ, ಪ್ರೀತಿಯನ್ನು ಮಗುವಿನ ಮೇಲೆ ಇಡುತ್ತೇವೆ. ನಾಮಪದವಾದೊಡನೆ ನಮ್ಮಲ್ಲೂ ‘ಅನ್ನು’ ಜಾರಿ, ಬೇರೊಂದು ಬಂದು ಕೂರುತ್ತದೆ. ಒಂದು ವಿಭಕ್ತಿಯ ಜಾಗಕ್ಕೆ ಇನ್ನೊಂದು ಬಂದರೆ ನಮ್ಮ ವೈಯಾಕರಣರು ‘ವಿಭಕ್ತಿ ಪಲ್ಲಟ’ ಎಂದು ಹೆಸರಿಟ್ಟು ಸುಮ್ಮನಾದರು. ಊರನ್ನಾದರೂ ಸೇರು, ಊರಿಗಾದರೂ ಸೇರು, ಒಟ್ಟಿನಲ್ಲಿ ಕತ್ತಲಾಗುವುದರೊಳಗೆ ಸೇರು ಎಂಬ ದೊಡ್ಡ ಮನಸ್ಸು.

ಇವೆಲ್ಲಕ್ಕಿಂತ ನನಗೆ ಮೋಜೆನಿಸುವುದು ನಮ್ಮ ‘ಕಂಡರೆ’. ಇಂಗ್ಲಿಷಿನವರು ಫಿಯರ್‌ಗೆ ಆಫ್ ಹಚ್ಚಿ ಮುಗಿಸುವ ಕಡೆ ನಾವು ‘ಅತ್ತೆಯನ್ನು ಕಂಡರೆ ಭಯ’ ಎನ್ನುತ್ತೇವೆ. ಹೀಗೆನ್ನಲು ಅತ್ತೆ ಎದುರಿಗೆ ಇರಬೇಕಿಲ್ಲ. ಮಗಳ ಮನೆಗೆ ಹೋಗಿ ತಿಂಗಳಾಗಿದ್ದರೂ ಸೊಸೆಗೆ ಕಂಡರೆ ಭಯವೇ. ಅದೇ ಮನೆಯ ಮೊಮ್ಮಗನಿಗೆ ಅಜ್ಜಿಯನ್ನು ಕಂಡರೆ ಪ್ರಾಣ. ಕನ್ನಡ ಕಲಿಯಲು ಬಂದ ಇಂಗ್ಲಿಷಿನವನು, ಕಾಣದಿದ್ದರೆ ಏನು ಹೇಳಬೇಕು ಎಂದು ಕೇಳಿದರೆ ನಾವು ಯಾವ ಪಟ್ಟಿ ತೆಗೆದು ತೋರಿಸೋಣ?