ಸಂಸಾರಸಮೇತ ಬೆಟ್ಟ ಹತ್ತುವುದು

ರಾಮನಗರ, ಮಾಗಡಿ, ಕನಕಪುರಗಳ ಸೀಮೆಯಲ್ಲಿ ಬೆಟ್ಟಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ರಾಮದೇವರ ಬೆಟ್ಟ, ರೇವಣಸಿದ್ಧೇಶ್ವರ ಬೆಟ್ಟಗಳು ದೇವರ ದರ್ಶನಕ್ಕೆ ಹೋಗುವ ಬೆಟ್ಟಗಳಾದಕಾರಣ, ಹತ್ತುವವರಲ್ಲಿ ಹುಡುಗರೂ ಉಂಟು, ಮುದುಕರೂ ಉಂಟು, ಮಗುವನ್ನೆತ್ತಿಕೊಂಡ ತಾಯಂದಿರೂ ಉಂಟು. ಒಬ್ಬನೇ ಹತ್ತುವವನಿಗೆ ತನ್ನ ಉಸಿರೇ ಲೆಕ್ಕ. ಸಂಸಾರವೆಲ್ಲ ಕೂಡಿ ಹತ್ತುವಾಗ ಯಾರ ಉಸಿರನ್ನು ಲೆಕ್ಕಕ್ಕೆ ಹಿಡಿಯಬೇಕು?

ಒಮ್ಮೆ ರಾಮದೇವರ ಬೆಟ್ಟದ ಮೆಟ್ಟಿಲುಗಳ ಮೇಲೆ ಒಂದು ಸಂಸಾರವನ್ನು ಕಂಡೆ. ಹುಡುಗರು ಮುಂದೆ ಓಡಿ, ನೆರಳಿದ್ದ ಕಡೆ ಕುಳಿತು ಹರಟುತ್ತಿದ್ದರು. ಹಿಂದುಳಿದಿದ್ದ ಅಜ್ಜಿ ಏದುಸಿರು ಬಿಡುತ್ತ ಅಲ್ಲಿಗೆ ಮುಟ್ಟಿದೊಡನೆ, “ಅಜ್ಜಿ ಬಂದರು, ನಡೆಯಿರಿ” ಎಂದು ಎಲ್ಲರೂ ಎದ್ದರು. ಮೂರು ಸಲ ಹೀಗಾಯಿತು. ದಣಿಯದವರಿಗೆ ಮೂರು ವಿಶ್ರಾಂತಿ. ದಣಿದವರಿಗೆ ಒಂದೂ ಇಲ್ಲ. ನಾಲ್ಕನೆಯ ಸಲ ಆಕೆ, “ನೀವು ಹೋಗಿ ಬನ್ನಿ, ನಾನು ಇಲ್ಲಿಂದಲೇ ಕೈಮುಗಿಯುತ್ತೇನೆ” ಎಂದು ಕುಳಿತುಬಿಟ್ಟರು. ವಯಸ್ಸಾಯಿತಲ್ಲ ಎಂದು ಮನೆಯವರು ಸಮಾಧಾನಪಟ್ಟುಕೊಂಡರು. ಆಕೆಯನ್ನು ಕೂರಿಸಿದ್ದು ವಯಸ್ಸಿಗಿಂತ ಹೆಚ್ಚಾಗಿ ಆ ನಡಿಗೆಯ ಕ್ರಮವೆಂದು ನನಗೆ ತೋರಿತು.

ನಮ್ಮ ಮನೆಯಲ್ಲಿ 68 ವರ್ಷದ ಸೋದರತ್ತೆಯವರು ಎಲ್ಲರಿಗಿಂತ ಮುಂದೆ ನಡೆಯುತ್ತಾರೆ. ಮಕ್ಕಳು ನಡುವೆ, ಗಟ್ಟಿಮುಟ್ಟಾದ ಒಬ್ಬರು ಕಟ್ಟಕಡೆಗೆ. “ಮುಂದಿರುವವರಿಗೆ ದಾರಿ ಕಾಣುತ್ತದಪ್ಪ, ಹಿಂದೆ ಬಿದ್ದವರಿಗೆ ನಿಮ್ಮ ಬೆನ್ನೇ ಕಾಣುವುದು” ಎನ್ನುತ್ತಾರೆ ಆಕೆ. ಮಾತನಾಡುತ್ತ ನಡೆದಾಗ ವಾಕ್ಯ ನಡುವೆ ತುಂಡಾಗಬಾರದು. ತುಂಡಾದರೆ ನಡಿಗೆ ಹೆಚ್ಚಾಯಿತೆಂದೇ ಅರ್ಥ. ಮೊದಲ ಕಾಲು ಗಂಟೆ ಬೇಕೆಂದೇ ನಿಧಾನವಾಗಿರಬೇಕು. ಗುಂಡಿಗೆಯೂ ಶ್ವಾಸವೂ ಕೆಲಸಕ್ಕೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಕು.

ಇಪ್ಪತ್ತು ನಿಮಿಷಕ್ಕೊಮ್ಮೆ ಮೂರು ನಾಲ್ಕು ನಿಮಿಷ ನಿಂತರೆ ಸಾಕು. ಆ ನಿಮಿಷಗಳನ್ನು ಕಡೆಯವರು ಬಂದು ಸೇರಿದ ಮೇಲೆಯೇ ಎಣಿಸತಕ್ಕದ್ದು. ಬಹಳ ಹೊತ್ತು ಕುಳಿತರೆ ಮೈ ಆರಿ, ಕಾಲು ಬಿಗಿದು, ಏಳುವುದೇ ಕಷ್ಟ. ನೀರನ್ನು ಬಾಯಾರಿ ಬಳಲುವ ಮುನ್ನವೇ ಗುಟುಕು ಗುಟುಕಾಗಿ ಕುಡಿಯಬೇಕು. ಕಡಿದಾದೆಡೆಯಲ್ಲಿ ಪರ್ವತಾರೋಹಿಗಳ ಉಪಾಯವೊಂದುಂಟು: ಪ್ರತಿ ಹೆಜ್ಜೆಯಲ್ಲಿಯೂ ಹಿಂದಿನ ಕಾಲನ್ನು ನೇರವಾಗಿ ಊರಿ, ಮೈಭಾರವನ್ನು ಅದರ ಮೇಲೆ ಬಿಟ್ಟು, ಒಂದು ಉಸಿರಿನಷ್ಟು ತಡೆದು, ಬಳಿಕ ಮುಂದಿನ ಕಾಲಿಗೆ ಭಾರ ಕೊಡುವುದು. ಆ ಕ್ಷಣ ಭಾರವನ್ನು ಮೂಳೆ ಹೊರುತ್ತದೆ, ಸ್ನಾಯುಗಳಿಗೆ ಬಿಡುವು.

ಮಾಗಡಿಯ ಸಾವನದುರ್ಗಕ್ಕೆ ಹೋಗುವವರು ಇನ್ನೂ ಎಚ್ಚರದಿಂದಿರಬೇಕು. ಸಮುದ್ರಮಟ್ಟದಿಂದ 1226 ಮೀಟರು ಎತ್ತರದ ಈ ದುರ್ಗವನ್ನು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಹಿಡಿಯಿತು. ಇಲ್ಲಿ ಬೋಳು ಬಂಡೆಯೇ ದಾರಿ. ನೆರಳು ಬಲು ಕಡಮೆ. ಬಿಸಿಲೇರಿದರೆ ಕಲ್ಲು ಕಾಯುವುದು, ಮಳೆ ಬಿದ್ದರೆ ಜಾರುವುದು. ಆದಕಾರಣ ಬೆಳಗ್ಗೆಯೇ ಹೊರಟು, ಇಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುವುದೆಂದು ಮೊದಲೇ ನಿಶ್ಚಯಿಸಿರಬೇಕು. 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಎಂಬ ಪರ್ವತಾರೋಹಿ, ಮೂರು ಮೈಲಿಗೆ ಒಂದು ಗಂಟೆ, ಏರುವ ಪ್ರತಿ 2000 ಅಡಿಗೆ ಇನ್ನೊಂದು ಗಂಟೆ ಎಂದು ಲೆಕ್ಕ ಹಾಕಿದನು. ಅದು ಗಟ್ಟಿಗರ ಲೆಕ್ಕ. ಅಜ್ಜಿ ಮೊಮ್ಮಕ್ಕಳ ಸಂಸಾರವು ಅದಕ್ಕೆ ಧಾರಾಳವಾಗಿ ಕಾಲವನ್ನು ಕೂಡಿಸಿಕೊಳ್ಳಬೇಕು.

ಎದೆ ನೋವು, ತಲೆ ಸುತ್ತು ಕಾಣಿಸಿದರೆ “ಇನ್ನೇನು ಬಂತು, ಸ್ವಲ್ಪವೇ ದೂರ” ಎಂದು ಒತ್ತಾಯಿಸುವುದು ಸಲ್ಲದು. ಅಂಥವರನ್ನು ಒಂಟಿಯಾಗಿ ಬಿಡದೆ, ಜೊತೆಗೊಬ್ಬರಿದ್ದು ಕೆಳಕ್ಕೆ ಕರೆತಂದು ವೈದ್ಯರಿಗೆ ತೋರಿಸಬೇಕು.

ನಿಧಾನವಾಗಿ ಹೋದರೆ ಹುಡುಗರಿಗೆ ಬೇಸರವಲ್ಲವೇ ಎಂದು ಕೇಳುವವರುಂಟು. ರಾಮದೇವರ ಬೆಟ್ಟವು 2012ರಿಂದ ರಣಹದ್ದುಗಳ ರಕ್ಷಿತಧಾಮ. ಅಲ್ಲಿ ಗದ್ದಲವಿಲ್ಲದೆ ನಿಂತವರಿಗೆ ಒಮ್ಮೊಮ್ಮೆ ರೆಕ್ಕೆ ಬಡಿಯದೆ ತೇಲುವ ಹದ್ದೊಂದು ಕಣ್ಣಿಗೆ ಬೀಳುವುದು. ಅತ್ತೆಯವರು ದಮ್ಮು ತೀರಿಸಿಕೊಳ್ಳಲು ನಿಂತಾಗಲೇ ನಮ್ಮ ಕಿರಿಯ ಹುಡುಗನು ಅದನ್ನು ಮೊದಲು ಕಂಡದ್ದು. ಅಂದಿನಿಂದ ಆಕೆ ನಿಲ್ಲುವುದನ್ನೇ ಅವನು ಕಾಯುತ್ತಿರುತ್ತಾನೆ.